ಅಳಿಸಿದ ಕರೆ

“ಏ, ತಡೀರಿ! ವಿಭೂತಿ ಹಚ್ಚೋದು ಉಳದೈತಿ!”

ಶವಪೆಟ್ಟಿಗೆಗೆ ಕೈಹಾಕಿದ್ದ ಆರು ಜನ ದಾಂಡಿಗರು ಹಾಗೇ ನಿಂತರು. ಮನೆಯ ಹಳೆಯ ಸ್ನೇಹಿತ ಶೇಖಪ್ಪ ಕೂಗಿದ್ದು ಧಾರವಾಡದ ಕನ್ನಡದಲ್ಲಿ. ಅವರಿಗೆ ಒಂದಕ್ಷರವೂ ತಿಳಿದಿರಲಿಕ್ಕಿಲ್ಲ. ಆದರೆ ಕೂಗಿದರೆ ನಿಲ್ಲಬೇಕೆಂದು ಅವರಿಗೆ ಕಲಿಸಿದವನೇ ಆ ಪೆಟ್ಟಿಗೆಯಲ್ಲಿದ್ದ, ಅವರ ಫುಟ್‌ಬಾಲ್ ಕೋಚ್ ವೀರಭದ್ರಪ್ಪ.

ವಿಜಯಾ ಗಂಡನ ಹಣೆಗೆ ಮೂರು ಬೆರಳಿನಿಂದ ವಿಭೂತಿ ಎಳೆದಳು. ಬಾಗಿಲ ಬಳಿ ಕೋಲೂರಿ ನಿಂತಿದ್ದ ಬಿಳಿಗೂದಲಿನ ಮುದುಕನ ಹೆಸರನ್ನು ಮಗಳು ನಿಶಿತಾ ಈಗಷ್ಟೇ ಕಿವಿಯಲ್ಲಿ ಹೇಳಿದ್ದಳು: ಮರ್ಫಿ. ಆಲ್ಬರ್ಟಾದಿಂದ ವಿಮಾನ ಹತ್ತಿ ಬಂದಿದ್ದ.

ಮುಖ ನೋಡಿದ್ದು ಇದೇ ಮೊದಲು. ದನಿಯನ್ನು ಮಾತ್ರ ಅವಳು ಹನ್ನೊಂದು ವರ್ಷದಿಂದ ಮರೆತಿರಲಿಲ್ಲ.

*

ವ್ಯಾಯಾಮ ಶಿಕ್ಷಣ ಓದಲು ಧಾರವಾಡದಿಂದ ಈ ದೇಶಕ್ಕೆ ಬಂದ ವೀರಭದ್ರಪ್ಪ ಇಲ್ಲಿಯ ಮೊಟ್ಟೆಯಾಕಾರದ ಚೆಂಡಿಗೆ ಮರುಳಾಗಿ ಕೋಚ್ ಆದವನು. ಹದಿನೈದು ವರ್ಷದಲ್ಲಿ ಐದು ಕಾಲೇಜು, ಐದು ಊರು.

“ಒಂದ ಕಡೆ ಇರಾಕ ಏನ್ರಿ ತ್ರಾಸು?” ಎಂದು ವಿಜಯಾ ಒಮ್ಮೆ ಕೇಳಿದ್ದಳು.

“ಇದ್ದಲ್ಲೇ ಕುಂತ್ರ ಅಸಿಸ್ಟಂಟ್ ಅಸಿಸ್ಟಂಟೇ, ವಿಜಿ. ಹೆಡ್ ಕೋಚ್ ಕುರ್ಚಿ ಬಿಟ್ಟು ಏಳಂಗಿಲ್ಲ. ಎದ್ರ, ಕಾಲೇಜಿನವ್ರು ಹೊರಗಿನವನ್ನ ತರ್ತಾರ. ನಾನೂ ಎಲ್ಲರೆ ಹೊರಗಿನವ ಆಗಬೇಕಲ್ಲ?”

ಪ್ರತಿ ಊರಿನಲ್ಲೂ ಅವನು ಒಂದು ಮೆಟ್ಟಿಲು ಏರಿದ. ಪ್ರತಿ ಊರಿನಲ್ಲೂ ಅವಳು ಹೊಸ ಕೆಲಸ, ಹೊಸ ಡಾಕ್ಟರು, ಮಗಳಿಗೆ ಹೊಸ ಶಾಲೆ ಹುಡುಕಿದಳು.

ಐದನೆಯ ಊರಿಗೆ, ರೆಕ್ಸ್‌ಡೇಲಿನ ಮನೆಗೆ ಬಂದ ಎರಡನೆಯ ವರ್ಷ, ತೊಂಬತ್ತಾರರಲ್ಲಿ, ಒಂದು ಮಧ್ಯಾಹ್ನ ಆನ್ಸರಿಂಗ್ ಮಷೀನಿನಲ್ಲಿ ಮರ್ಫಿಯ ದನಿ ಕಾದಿತ್ತು. ದೂರದ ಆಲ್ಬರ್ಟಾದಲ್ಲಿ, ಮರ್ಫಿಯ ಕಾಲೇಜಿನಲ್ಲಿ ಹೆಡ್ ಕೋಚ್ ಜಾಗ ಖಾಲಿ. ಒಪ್ಪಿದರೆ ನಿನ್ನದೇ, ಫೋನು ಮಾಡು. ಕೆಳಗೆ ಬೇಸ್‌ಮೆಂಟಿನಲ್ಲಿ ನಿಶಿತಾ ಒಬ್ಬ ಗೆಳತಿಯ ಜೊತೆ ಬಿದ್ದು ಬಿದ್ದು ನಗುತ್ತಿದ್ದಳು. ಅವಳು ಮನೆಗೆ ಕರೆತಂದ ಮೊದಲ ಗೆಳತಿ.

ವಿಜಯಾ ಎರಡು ಸಲ ಕೇಳಿಸಿಕೊಂಡಳು. ಆಮೇಲೆ ಗುಂಡಿ ಒತ್ತಿ ಅಳಿಸಿದಳು.

ಗಂಡ ಅಸಿಸ್ಟಂಟಾಗಿಯೇ ಉಳಿದ. ಪ್ರತಿ ಸೀಸನ್ನಿನಲ್ಲೂ ಅವನು ಅಡುಗೆಮನೆಯ ಮೇಜಿನ ಮೇಲೆ ಆಟದ ನಕ್ಷೆ ಬರೆಯುತ್ತ ಕೂತರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

*

ಸ್ಟೌಫ್‌ವಿಲ್ ಬಳಿಯ ಸ್ಮಶಾನದಲ್ಲಿ ಬಿಲ್ವಪತ್ರೆ ಹಾಕಿ, ಮಣ್ಣು ಕೊಟ್ಟಾಯಿತು. ಜನ ಕಾರುಗಳತ್ತ ಹೊರಟರು.

“ಯಕ್ಕಾ, ಥಂಡಿ ಐತಿ, ನಡೀರಿ,” ಎಂದ ಶೇಖಪ್ಪ.

“ನೀವು ಮುಂದ ಹೋಗ್ರಿ. ಅವ್ರ ಜೋಡಿ ಒಂದು ಮಾತಾಡೋದೈತಿ.”

ಮರ್ಫಿಯ ಎದುರು ನಿಂತು ಅವಳು ತನ್ನ ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಿಬಿಟ್ಟಳು: “ನಿಮ್ಮ ಮೆಸೇಜ್ ನಾನೇ ಅಳಿಸಿದೆ. ಅವರಿಗೆ ಗೊತ್ತೇ ಆಗಲಿಲ್ಲ.”

ಮುದುಕ ಅವಳನ್ನೇ ನೋಡಿದ. “ಗೊತ್ತಿತ್ತಲ್ಲ. ಉತ್ತರ ಬರಲಿಲ್ಲವೆಂದು ಎರಡು ದಿನ ಬಿಟ್ಟು ಅವನ ಆಫೀಸಿಗೇ ಫೋನು ಮಾಡಿದ್ದೆ. ಮನೆಯಲ್ಲಿ ಮೆಸೇಜ್ ಬಿಟ್ಟಿದ್ದೆನೆಂದೆ.”

“ಆಮೇಲೆ?”

“ಜೋರಾಗಿ ನಕ್ಕ. ‘ಹಾಗಾದರೆ ನನ್ನ ಹೆಂಡತಿ ಉತ್ತರ ಕೊಟ್ಟಾಗಿದೆ. ನನಗೂ ಊರೂರು ಅಲೆದು ಸಾಕಾಗಿತ್ತು ಮರ್ಫಿ, ಬೇಡ ಅನ್ನಲು ಧೈರ್ಯ ಇರಲಿಲ್ಲ’ ಅಂದ. ‘ಅವಳಿಗೆ ಹೇಳುತ್ತೀಯಾ?’ ಎಂದು ಕೇಳಿದೆ. ‘ಹೇಳಿದರೆ ಅವಳು ನಾಚಿಕೊಂಡಾಳು’ ಅಂದ.”

ವಿಜಯಾಳ ಎದೆಯೊಳಗೆ ಗಂಟು ಕಟ್ಟಿದ್ದೇನೋ ಬಿಚ್ಚಿಕೊಂಡಿತು. ಅಳು ಬರುತ್ತದೆಂದು ಸೆರಗನ್ನು ಬಾಯಿಗೆ ಒತ್ತಿದಳು. ಬಂದದ್ದು ನಗು. ಭುಜ ಕುಲುಕಿದವು, ಕಣ್ಣು ತುಂಬಿತು.

ದೂರದಿಂದ ನೋಡಿದ ದಾಂಡಿಗರಲ್ಲಿ ಒಬ್ಬ ಓಡಿಬಂದು, ಏನೂ ಕೇಳದೆ, ತನ್ನ ಕೋಟನ್ನು ಬಿಚ್ಚಿ ಅವಳಿಗೆ ಹೊದಿಸಿದ. ಅದರ ಅಂಚು ಅವಳ ಪಾದ ಮುಟ್ಟಿತು, ತೋಳುಗಳು ಮೊಣಕಾಲಿನವರೆಗೆ ಜೋತುಬಿದ್ದವು. ಆ ಕೋಟಿನೊಳಗೆ ನಿಂತು ವಿಜಯಾ ಇನ್ನೂ ನಗುತ್ತಲೇ ಇದ್ದಳು. ಆ ದೊಡ್ಡ ಹುಡುಗ ಅವಳ ಬೆನ್ನನ್ನು ಮೆಲ್ಲಗೆ ತಟ್ಟುತ್ತಲೇ ಇದ್ದ.