ವಾಣಿ ಕೂತರೆ ಮಬ್ಬಾಗುವ ಪರದೆ

ಗಂಡ ತೀರಿಕೊಂಡ ಮೇಲೆ ವಾಣಿಗೆ ಮದುವೆ ಬ್ಯಾನರಿನ ಕೆಲಸ ಕೊಡುವುದನ್ನು ನಿಲ್ಲಿಸಿದರು.

ಸವಳಂಗ ರಸ್ತೆಯ ಆ ಫ್ಲೆಕ್ಸ್ ಅಂಗಡಿಯಲ್ಲಿ ಒಂಬತ್ತು ವರ್ಷ ಡಿಸೈನ್ ಮಾಡಿದವಳಿಗೆ ಉಳಿದದ್ದು ಶ್ರದ್ಧಾಂಜಲಿ ಬ್ಯಾನರುಗಳು ಮಾತ್ರ. ಮದುವೆ, ನಾಮಕರಣ, ಗೃಹಪ್ರವೇಶವೆಲ್ಲ ಪಕ್ಕದ ಮೇಜಿನ ಸುಘೋಷನ ಪಾಲು. ಆಮೇಲೆ ಅವಳ ಕಂಪ್ಯೂಟರಿನ ಪರದೆ ಮಬ್ಬಾಗತೊಡಗಿತು. ಕೇಬಲ್ ಬದಲಾಯಿಸಿದ್ದಾಯಿತು, ಸ್ಟೆಬಿಲೈಸರ್ ಹಾಕಿದ್ದಾಯಿತು. ಮಾಲೀಕ ಲಕ್ಷ್ಮೀಕಾಂತ ನಿಂಬೆಹಣ್ಣನ್ನೂ ನಿವಾಳಿಸಿದ. ಅವನು ಕೂತು ಪತ್ರ ಟೈಪ್ ಮಾಡಿದರೆ ಪರದೆ ಫಳಫಳ. ವಾಣಿ ಕೂತರೆ ಮಬ್ಬು.

"ಮಿಷನ್ನಿಗೂ ಗೊತ್ತಾಗುತ್ತೆ ನೋಡು," ಎಂದ.

ಕೊನೆಗೆ ಭದ್ರಾವತಿಯಿಂದ ರಿಪೇರಿಯ ಜಲೀಲ್ ಬಂದ. ಮಾಲೀಕನನ್ನು ಬಿಟ್ಟು ವಾಣಿಯನ್ನೇ ಕೇಳಿದ: "ಯಾವಾಗ ಹಿಂಗಾಗುತ್ತೆ ಅಕ್ಕ?"

"ಪೂರ್ತಿ ಕಪ್ಪಿರೋ ಫೈಲ್ ತೆಗೆದಾಗ ಮಾತ್ರ, ಜಲೀಲ್ ಭಾಯ್. ಎರಡು ಸಲ ಹೇಳ್ದೆ. ಕೇಳೋರ್ಯಾರು?"

ಭದ್ರಾವತಿ ಹಳೇನಗರದ ಸಿದ್ದಯ್ಯನವರ ಶ್ರದ್ಧಾಂಜಲಿಯನ್ನು ತೆರೆದಳು. ಕಪ್ಪು ಹಿನ್ನೆಲೆಯಲ್ಲಿ ನಗುತ್ತಿದ್ದ ಅಜ್ಜನ ಮುಖ ನಿಧಾನಕ್ಕೆ ಮಸುಕಾಯಿತು. ಖಾಲಿ ಬಿಳಿ ಹಾಳೆ ತೆರೆದಳು. ಬೆಳಕು ವಾಪಸ್ ಬಂತು.

ಜಲೀಲ್ ಮಾನಿಟರಿನ ಅಡಿಯ ಗುಂಡಿ ಒತ್ತಿ, ಮೆನುವಿನಲ್ಲಿ ಒಂದು ಸಾಲು ತೋರಿಸಿದ. "ಡೈನಾಮಿಕ್ ಕಾಂಟ್ರಾಸ್ಟ್ ಆನ್ ಆಗಿದೆ. ಕಪ್ಪು ಜಾಸ್ತಿ ಕಂಡ್ರೆ ಮಾನಿಟರ್ರೇ ಹಿಂದಿನ ಲೈಟ್ ಇಳಿಸುತ್ತೆ. ಆಫ್ ಮಾಡಿದ್ರೆ ಮುಗೀತು."

"ಸುಘೋಷ ಕೂತಿದ್ರೂ ಹಿಂಗೇ ಆಗ್ತಿತ್ತೇನೋ ಮಾರಾಯ?" ಎಂದ ಮಾಲೀಕ.

"ನೀವು ಕೂತು ಅಜ್ಜನ್ನ ತೆಗೆದಿದ್ರೂ ಆಗ್ತಿತ್ತು, ಲಕ್ಷ್ಮೀಕಾಂತಣ್ಣ. ನಿಂಬೆಹಣ್ಣು ಶರಬತ್ತಿಗೆ ಇಟ್ಕೊಳ್ಳಿ."

ವಾಣಿ ಬಾಯ್ತುಂಬ ನಕ್ಕಳು. ಜಲೀಲ್ ಅದನ್ನು ಆಫ್ ಮಾಡಿದ ಮೇಲೆ ಸಿದ್ದಯ್ಯನವರ ಒಂದೊಂದು ಬಿಳಿ ಮೀಸೆಯೆಳೆಯೂ ಕಾಣುತ್ತಿತ್ತು. ಕೆಲಸ ಮುಗಿಸಿ ಪ್ರಿಂಟಿಗೆ ಕಳಿಸಿದಳು. "ಬಣ್ಣದ್ದೂ ಒಂದು ತೆಗೀರಿ ಅಕ್ಕ, ನೋಡಿಬಿಡೋಣ," ಎಂದ ಜಲೀಲ್. ಸುಘೋಷ ಅರ್ಧಕ್ಕೆ ಬಿಟ್ಟು ಊಟಕ್ಕೆ ಹೋಗಿದ್ದ ಮದುವೆ ಬ್ಯಾನರನ್ನು ತೆರೆದಳು.

ಅರಿಸಿನ, ಕುಂಕುಮ, ಮಾವಿನೆಲೆಯ ಹಸಿರು. ಎಲ್ಲ ಚೊಕ್ಕವಾಗಿತ್ತು, ಹೆಸರುಗಳ ಹೊರತು. ಶ್ರೇಯಸ್ ಮೊಳದುದ್ದ, ಪ್ರಿಯದರ್ಶಿನಿ ಅವನ ಕಾಲ ಬಳಿ ಗೇಣುದ್ದ. ಜಲೀಲ್ ಚಹಾ ಕುಡಿದು ಬಸ್ಸಿಗೆ ಹೋದದ್ದೂ ಅವಳ ಗಮನಕ್ಕೆ ಬರಲಿಲ್ಲ. ಎರಡು ಹೆಸರನ್ನೂ ಸಮ ಮಾಡಿದಳು, ನಡುವೆ ಮಲ್ಲಿಗೆ ಎಳೆದಳು. ಎಷ್ಟೋ ದಿನದ ಮೇಲೆ ಅವಳ ಬೆರಳಿಗೆ ಓಟ ಬಂದಿತ್ತು.

ಲಕ್ಷ್ಮೀಕಾಂತ ಬೆನ್ನ ಹಿಂದೆ ಬಂದು ನಿಂತ. "ರಿಪೇರಿ ಆಯ್ತಲ್ಲಮ್ಮ, ಅದನ್ನ ಮುಚ್ಚು. ನಂಗೇನಿಲ್ಲ, ಗಿರಾಕಿಗಳು ಏನಂತಾರೋ. ಸಂಜೆಗೆ ಇನ್ನೊಂದು ಶ್ರದ್ಧಾಂಜಲಿ ಇದೆ, ಶುರು ಮಾಡು."

"ಅದನ್ನ ಸುಘೋಷ ಮಾಡ್ಲಿ ಅಣ್ಣ," ಎಂದಳು ವಾಣಿ, ತಿರುಗದೆ. "ಇದನ್ನ ನಾನು ಮುಚ್ಚಲ್ಲ."