ಐದು ಸೀಟಿ

“ಹಾರ ಸಾಕ್ರಿ ಸಾಹೇಬ್ರ, ಹೆಗಲು ಕೊಡ್ರಿ,” ಎಂದು ಮಹಾದೇವಿ ಶಶಿಕುಮಾರನ ಕೈಯಿಂದ ಹಾರ ಇಸಿದುಕೊಂಡು ಕಿಟಕಿಯ ಸರಳಿಗೆ ನೇತುಹಾಕಿದಳು. ಗಂಡ ಸತ್ತು ಇನ್ನೂ ಒಂದು ದಿನವಾಗಿರಲಿಲ್ಲ. ಅವಳ ಕಣ್ಣಲ್ಲಿ ಹನಿ ನೀರಿರಲಿಲ್ಲ.

ಶಶಿಕುಮಾರ್ ಪೀಣ್ಯದ ಆ ಕಾರ್ಖಾನೆಯ ವೆಲ್‌ಫೇರ್ ಆಫೀಸರ್. ಜೇಬಿನಲ್ಲಿ ಎರಡು ಪುಟದ ಸಂತಾಪ ಭಾಷಣ ಇಟ್ಟುಕೊಂಡು ಬಂದಿದ್ದ. ಹೆಣ ಹೊರುವ ಯೋಚನೆ ಅವನಿಗಿರಲಿಲ್ಲ. ಆದರೆ ನೂರು ಜನ ನೋಡುತ್ತಿರುವಾಗ ಹೆಂಡತಿಯಾದವಳು ಕೇಳಿದರೆ ಒಲ್ಲೆ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಚನ್ನವೀರಪ್ಪನನ್ನು ಕೂರಿಸಿ ಕಟ್ಟಿದ್ದ ಚಟ್ಟದ ಮುಂದಿನ ಎಡಗಡೆಗೆ ಹೆಗಲು ಕೊಟ್ಟ. ಉಳಿದ ಮೂವರು ಕಾರ್ಖಾನೆಯ ಹಗ್ಗಜಗ್ಗಾಟದ ತಂಡದವರು.

“ಹುಷಾರು ಸಾರ್,” ಎಂದ ಹಿಂದಿದ್ದ ಈರೇಶ. “ಎಂಬತ್ತೈದು ಕೆಜಿ ಆಳು.”

*

ಚನ್ನವೀರಪ್ಪ ಪ್ಯಾಕಿಂಗ್ ವಿಭಾಗದಲ್ಲಿ ಪೆಟ್ಟಿಗೆ ಹೊರುತ್ತಿದ್ದವನು. ರಾಜ್ಯೋತ್ಸವದ ಹಗ್ಗಜಗ್ಗಾಟಕ್ಕೆ ತಂಡ ಕಟ್ಟುತ್ತಿದ್ದವನೂ ಅವನೇ. ಅವನು ಕಲಿಸಿದ್ದು ಇಷ್ಟೇ: “ಎಳೀಬ್ಯಾಡ್ರಿ. ಹಿಡ್ಕೊಂಡ್ ನಿಲ್ರಿ. ಅವರು ಉಸಿರು ಬಿಟ್ರು ಅಂದ್ರ, ಎರಡ್ ಹೆಜ್ಜಿ ಹಿಂದಕ್ಕ.” ಕೊನೆಗೆ ಎಲ್ಲರಿಗೂ ಒಂದೊಂದು ಹಿಡಿ ಶೇಂಗಾ, ಬೆಲ್ಲ. ಅಷ್ಟರಲ್ಲೇ ಒಂಬತ್ತು ವರ್ಷ ಗೆದ್ದವರ ಕಪ್ ಬೇರೆ ಕಾರ್ಖಾನೆಯ ಗೇಟು ನೋಡಲಿಲ್ಲ.

ತೊಂಬತ್ತೈದರಲ್ಲಿ ಶಶಿಕುಮಾರ್ ಕ್ರೀಡಾ ತರಬೇತಿಯ ಹದಿನೈದು ದಿನದ ಕೋರ್ಸ್ ಮುಗಿಸಿ ಬಂದ. ಚನ್ನವೀರಪ್ಪನಿಗೆ ಇನ್ನು ಮೈದಾನಕ್ಕೆ ಬರಬೇಡಿ ಎಂದ. ಕಪ್ಪು ಹಲಗೆ ತರಿಸಿ ಮೊಣಕಾಲಿನ ಕೋನ, ಬೆನ್ನಿನ ಕೋನ ಬರೆದ. ಐದು ಬಗೆಯ ಸೀಟಿ ಕಲಿಸಿದ. ಮೊದಲನೆಯದಕ್ಕೆ ಎಡಗಾಲು, ಎರಡನೆಯದಕ್ಕೆ ಬಲಗಾಲು, ಮೂರನೆಯದಕ್ಕೆ ಬಾಗುವುದು. ಮಿಕ್ಕಿದ್ದು ಅವನಿಗೇ ಗೊತ್ತು. ಫೈನಲ್ಲಿನಲ್ಲಿ ಸೀಟಿ ಊದಿದಾಗ ನಾಲ್ವರು ಕಾಲೆತ್ತಿದರು, ನಾಲ್ವರು ಬಾಗಿದರು. ಒಂದೇ ನಿಮಿಷಕ್ಕೆ ಎಂಟೂ ಜನ ಮಣ್ಣು ಮುಕ್ಕಿದರು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮರುದಿನ ಕ್ಯಾಂಟೀನಿನ ಬಾಗಿಲಲ್ಲಿ ಶಶಿಕುಮಾರನ ಸಹಿಯ ನೋಟೀಸು ಬಿತ್ತು: ‘ಚನ್ನವೀರಪ್ಪನವರು ಕಲಿಸಿದ ಅವೈಜ್ಞಾನಿಕ ಅಭ್ಯಾಸಗಳಿಂದ ತಂಡ ಸೋತಿದೆ.’ ಚನ್ನವೀರಪ್ಪ ಅದನ್ನು ಅಕ್ಷರ ಕೂಡಿಸಿ ಓದಿದ. ಆಮೇಲೆ ಎರಡು ವರ್ಷ, ಸಾಯುವ ತನಕ, ಆ ಬಾಗಿಲು ದಾಟಲಿಲ್ಲ. ಪೆಟ್ಟಿಗೆಗಳ ಸಂದಿಯಲ್ಲಿ ಗೋಡೆಗೆ ಮುಖ ಮಾಡಿಕೊಂಡು ಬುತ್ತಿ ಉಣ್ಣುತ್ತಿದ್ದ. ಈರೇಶ ಕರೆದರೂ ತಿರುಗಲಿಲ್ಲ. ಮಹಾದೇವಿಗೆ ಇದೆಲ್ಲ ಗೊತ್ತಿತ್ತು.

*

ಹೆಣ ಹೊತ್ತವರಿಗೆ ಹಿಂದಿನವರು ಬಂದು ಹೆಗಲು ಬದಲಿಸುವುದು ವಾಡಿಕೆ, ಯಾರೂ ಹೇಳಬೇಕಾಗಿಲ್ಲ. ಮೂವರಿಗೆ ಎರಡೆರಡು ಸಲ ಬದಲಿ ಬಂತು. ಮುಂದಿನ ಎಡಗಡೆಗೆ ಮಾತ್ರ ಯಾರೂ ಬರಲಿಲ್ಲ. ಶಶಿಕುಮಾರನ ಅಂಗಿ ಬೆನ್ನಿಗೆ ಅಂಟಿತ್ತು.

“ಈರೇಶ್, ಯಾರನ್ನಾದ್ರೂ ಕಳಿಸಪ್ಪಾ. ಆಗ್ತಿಲ್ಲ ನನ್ ಕೈಲಿ.”

ಈರೇಶ ಈಗ ಪಕ್ಕದಲ್ಲಿ ಕೈಬೀಸಿಕೊಂಡು ನಡೆಯುತ್ತಿದ್ದ. “ಯಾವ ಸೀಟಿಗೆ ಹೆಗಲು ಬದಲಿಸ್ಬೇಕು ಸಾರ್? ಮೂರನೇದಕ್ಕಾ, ನಾಕನೇದಕ್ಕಾ? ನಮಗೆ ಮರ್ತೋಗಿದೆ.”

ಕಾರ್ಖಾನೆಯ ಗೇಟಿನ ಎದುರು ಮಹಾದೇವಿ ಕೈ ಎತ್ತಿದಳು. “ನಿಲ್ರಿ. ಇಳಸಬ್ಯಾಡ್ರಿ.”

ಚಟ್ಟ ನಿಂತಿತು. ಅವಳು ಶಶಿಕುಮಾರನ ಎದುರಿಗೆ ಬಂದಳು.

“ಆ ನೋಟೀಸು ಸುಳ್ಳು ಅಂತ ಹೇಳ್ರಿ. ಬದಲಿ ಬರ್ತಾರ.”

“ಅಮ್ಮಾ, ಇದು ಅದಕ್ಕೆ ಟೈಮಲ್ಲ...”

“ಅವರನ್ನ ಮಣ್ಣಾಗ ಇಟ್ಟ ಮ್ಯಾಲ ಯಾರಿಗೆ ಹೇಳ್ತೀರಿ?”

ಅವನು ನೆಲ ನೋಡುತ್ತ ಹೇಳಿದ: “ತಪ್ಪು ನಂದು. ಅವರದ್ದಲ್ಲ.”

“ಪೂರಾ ಹೇಳ್ರಿ.”

“ಅವರು ಮೈದಾನಕ್ಕೇ ಬಂದಿರ್ಲಿಲ್ಲ. ನಾನೇ ಬರಬೇಡಿ ಅಂದಿದ್ದೆ. ಸೋತಿದ್ದು ನನ್ನಿಂದ. ನೋಟೀಸು ಸುಳ್ಳು.”

ಗುಂಪಿನಿಂದ ಒಬ್ಬ ಕರುಣೆಯಿಂದ ಮುಂದೆ ಬಂದ. ಮಹಾದೇವಿ ತೋಳು ಅಡ್ಡ ಚಾಚಿ ತಡೆದಳು. ಎರಡು ಗಂಟೆಯ ಸೈರನ್ ಕೂಗಿತು. ಪಾಳಿ ಬಿಡುವ ಹೊತ್ತು ನೋಡಿಯೇ ಅವಳು ಹೆಣ ಎತ್ತಿಸಿದ್ದಳು. ಗೇಟು ತೆರೆಯಿತು. ಬೆಳಗಿನ ಪಾಳಿಯ ಮುನ್ನೂರು ಜನ ಟಿಫನ್ ಡಬ್ಬಿ ಹಿಡಿದು ಹೊರಬಂದವರು ಚಟ್ಟ ಕಂಡು ಅಲ್ಲಲ್ಲೇ ನಿಂತರು.

ಮಹಾದೇವಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದುರಿನ ಮೋರಿಕಟ್ಟೆಯ ಮೇಲೆ ಕೂತಳು.

“ಈಗ ಮೊದಲಿಂದ ಹೇಳ್ರಿ, ಸಾಹೇಬ್ರ.”

ಶಶಿಕುಮಾರ್ ಎರಡೂ ಕೈಯಲ್ಲಿ ಬಿದಿರು ಹಿಡಿದುಕೊಂಡು ಬಾಯಿ ತೆರೆದ.