ಆರೋಗ್ಯ ಮಂತ್ರಿಗೆ ಚಪ್ಪಾಳೆ

ನವೆಂಬರ್ ತಿಂಗಳಲ್ಲಿ ಹುಡುಗರ ಶೌಚಾಲಯದಿಂದ ಮಾವಿನಹಣ್ಣಿನ ವಾಸನೆ ಬಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಇಪ್ಪತ್ತೆರಡು ವರ್ಷ ವಿಜ್ಞಾನ ಕಲಿಸಿದ ಈ ಗುರುದತ್ತ ಮಾಸ್ತರನ ತಲೆ ಆಗ ಮಕ್ಕಳು ಮೊಟ್ಟೆ ತಿನ್ನುವ ಫೋಟೋಗಳನ್ನು ಅಪ್‌ಲೋಡ್ ಮಾಡುವುದರಲ್ಲಿ ಮುಳುಗಿತ್ತು.

ನಮ್ಮದು ಕುಮಟಾ ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲು. ಇಲ್ಲಿ ಶಾಲಾ ಸಂಸತ್ತು ಎಂಬುದೊಂದಿದೆ, ಮಕ್ಕಳೇ ಮಂತ್ರಿಗಳು. ಶೌಚಾಲಯದ ಬೀಗದ ಕೈ, ಫಿನಾಯಿಲ್ ಬಾಟ್ಲಿ ಎಲ್ಲ ಆರೋಗ್ಯ ಮಂತ್ರಿಯ ಸುಪರ್ದಿಗೆ. ಈ ವರ್ಷದ ಆರೋಗ್ಯ ಮಂತ್ರಿ ಹತ್ತನೇ ತರಗತಿಯ ಸಂಜಯ. ವರ್ಷವಿಡೀ ಮೂಗು ಸೋರುವ, ಆದರೆ ಗಣಿತದಲ್ಲಿ ಬಲು ಚುರುಕಾದ ಹುಡುಗ. ಉಸಿರು ಬಿಗಿಹಿಡಿದು ಹೋಗಿಬರುತ್ತಿದ್ದ ಜಾಗ ಘಮಘಮ ಎನ್ನುವುದನ್ನು ಕಂಡು ನನಗೆ ಎಷ್ಟು ಖುಷಿಯಾಯಿತೆಂದರೆ, ಮರುದಿನ ಪ್ರಾರ್ಥನೆಯ ಹೊತ್ತಿಗೆ ಅವನನ್ನು ಮುಂದೆ ಕರೆದು, "ಎಂತಾ ಒಳ್ಳೆ ವಾಸನೆ! ಹೀಗಿರ್ಬೇಕು ನೋಡಿ," ಎಂದು ಇಡೀ ಶಾಲೆಯಿಂದ ಚಪ್ಪಾಳೆ ಹೊಡೆಸಿದೆ. ಫೋಟೋವನ್ನು ಇಲಾಖೆಯ ಗ್ರೂಪಿಗೂ ಹಾಕಿದೆ.

ತಂಬಾಕುಮುಕ್ತ ಶಾಲೆಯ ಜವಾಬ್ದಾರಿಯೂ ನನ್ನದೇ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ, ನಗುವವರು ನಗಲಿ. ಗೇಟಿನಿಂದ ನೂರು ಗಜ ದೂರಕ್ಕೆ ಹಳದಿ ಗೆರೆ ಎಳೆಸಿದವನು ನಾನು. ಹನ್ನೊಂದು ಸುತ್ತೋಲೆಗಳನ್ನು ಫೈಲು ಮಾಡಿ ಇಟ್ಟವನು ನಾನು. ಇ-ಸಿಗರೇಟು ಸಿಕ್ಕಿದವರಿಗೆ ಅದೇ ದಿನ ಟಿಸಿ ಎಂದು ಎಸ್‌ಡಿಎಂಸಿ ಸಭೆಯಲ್ಲಿ ಮೇಜು ಗುದ್ದಿ ಠರಾವು ಮಾಡಿಸಿದವನೂ ನಾನೇ.

ಜನವರಿಯಲ್ಲಿ ಬ್ಯಾಗು ತಪಾಸಣೆ ಮಾಡಿದಾಗ ಸಂಜಯನ ಕಂಪಾಸ್ ಪೆಟ್ಟಿಗೆಯಲ್ಲಿ ಹೈಲೈಟರಿನಂಥದ್ದೊಂದು ಸಿಕ್ಕಿತು. ಮುಚ್ಚಳ ತೆಗೆಯಲು ನೋಡಿದೆ, ಬರಲಿಲ್ಲ. ಮೂಗಿನ ಹತ್ತಿರ ಹಿಡಿದೆ. ಅದೇ ಮಾವಿನಹಣ್ಣು! ಹಣ್ಣಿನ ವಾಸನೆ ಬೆರೆಸಿದ ಇ-ಸಿಗರೇಟು ಅದು. ಹುಡುಗನನ್ನು ಜಗಲಿಯಲ್ಲಿ ನಿಲ್ಲಿಸಿ, ಅದನ್ನು ಆಫೀಸಿಗೆ ಒಯ್ದು ಮೇಜಿನ ಮೇಲಿಟ್ಟೆ.

ಮುಖ್ಯೋಪಾಧ್ಯಾಯಿನಿ ಶರ್ಮಿಳಾ ಮೇಡಂ ಟಿಸಿ ಪುಸ್ತಕವನ್ನು ನನ್ನ ಮುಂದಿಟ್ಟರು. "ಠರಾವು ನಿಮ್ದೇ ಅಲ್ವಾ, ನೀವೇ ಬರೀರಿ."

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಎರಡು ತಿಂಗಳಿರುವಾಗ ಟಿಸಿ ಕೊಟ್ಟರೆ ಆ ಹುಡುಗನಿಗೆ ಬೇರೆ ಶಾಲೆಯಿಲ್ಲ, ಪರೀಕ್ಷೆಯಿಲ್ಲ, ಅಪ್ಪ ತಿಮ್ಮನ ಹಿಂದೆ ದೋಣಿ ಹತ್ತುವುದೊಂದೇ ದಾರಿ. ಗೊತ್ತಿದ್ದೂ ಬರೆದೆ. ಶಾಲೆ ಬಿಡಲು ಕಾರಣ: ದುರ್ನಡತೆ. ಮೇಡಂ ಸಹಿಯೊಂದು ಬಾಕಿ ಇತ್ತು.

ಅಷ್ಟರಲ್ಲಿ ನಾವು ಹೇಳಿಕಳಿಸಿದ್ದ ಅವನ ತಾಯಿ ಮಾಸ್ತಮ್ಮ ಬಂದಳು. ಓಂ ಬೀಚಿನ ಗೆಸ್ಟ್ ಹೌಸೊಂದರಲ್ಲಿ ರೂಮು ಗುಡಿಸಿ ಒರೆಸುವವಳು. ಮೇಜಿನ ಮೇಲಿದ್ದುದನ್ನು ನೋಡಿ ಅವಳಿಗೆ ಗಾಬರಿಯೇ ಆಗಲಿಲ್ಲ.

"ಅಕ್ಕೋರೆ, ಇದು ಶೀತದ್ದಲ್ದಾ? ನಾನೇ ತಂದ್ಕೊಟ್ಟದ್ದು," ಎಂದಳು ಮೇಡಂಗೆ.

"ಎಂತದು ಶೀತದ್ದು?" ನಾನು ಕೂಗಿದೆ.

"ಮೂಗಿಗೆ ಎಳ್ಯೂ ಕಡ್ಡಿ ಇರೂದಿಲ್ವಾ, ಹಂಗೆ. ಬೀಚಿಗೆ ಬಂದವ್ರು ಬೆಳಗಾದ್ರೆ ಎಳೀತಾ ಕೂತಿರ್ತ್ರು. ಹೋಗುವಾಗ ರೂಮಲ್ಲೇ ಬಿಟ್ಟೋಗ್ತ್ರು. ನಮ್ಮ ಸಂಜುಗೆ ಯಾವಾಗ್ಲೂ ಶೀತ ಅಲ್ದಾ, ಅದ್ಕೆ ತಂದೆ. ಮುಗೀತು, ಮತ್ತೊಂದು ಬೇಕು ಅಂದ. ಮತ್ತೂ ತಂದೆ."

"ಯಾರನ್ನಾದ್ರೂ ಕೇಳೂದಲ್ವಾ ಮಾರಾಯ್ತಿ!"

"ಕೇಳ್ದೆ ಇರ್ತೇನಾ ಮಾಸ್ತರ್ರೆ? ಮಾಸ್ತರ್ರಿಗೆ ಕೇಳ್ಕಂಡೇ ಎಳಿ ಅಂದಿದ್ದೆ. ಮಾಸ್ತರ್ರು ಒಳ್ಳೆ ವಾಸನೆ ಅಂದ್ರು, ಶಾಲೆಯವ್ರೆಲ್ಲ ಚಪ್ಪಾಳೆ ಹೊಡದ್ರು ಅಂತ ಬಂದು ಹೇಳ್ದ. ನೀವೇ ಅಂದ್ಮೇಲೆ ಮತ್ತೆ ಯಾರ ಹತ್ರ ಕೇಳೂದು?"

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. ಅದು ಏನೆಂದು ಅವರೇ ಮಾಸ್ತಮ್ಮನಿಗೆ ಬಿಡಿಸಿ ಹೇಳಿದರು. ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ಜಗಲಿಗೆ ಬಂದೆ. ಹುಡುಗ ಅಲ್ಲೇ ಕಂಬಕ್ಕೆ ಒರಗಿದ್ದ.

"ಶೀತದ್ದಲ್ಲ ಅಂತ ನಿಂಗೆ ಯಾವಾಗ ಗೊತ್ತಾಯ್ತೋ?"

"ಚಪ್ಪಾಳೆ ಹೊಡ್ಸಿ ವಾರ ಆಗಿತ್ತು ಸರ್. ಬಿಡೂಕೆ ನೋಡ್ದೆ. ಆಗೂದಿಲ್ಲ." ಅವನ ಮೂಗು ಎಂದಿನಂತೆ ಸೋರುತ್ತಿತ್ತು. "ನಾನೊಬ್ನೇ ಅಲ್ಲ ಸರ್."

ತಾಯಿಗೆ ಅವನು ಹೇಳಿದ್ದು ಅರ್ಧ ಸುಳ್ಳು. ಉಳಿದರ್ಧ ನಾನು ಮೈಕಿನಲ್ಲಿ ಆಡಿದ ಮಾತು. ನಾಳೆ ಎಲ್ಲರೆದುರು ತಪ್ಪು ಒಪ್ಪಿಕೊಳ್ಳುತ್ತೇನೆ ಎಂದು ಮೇಡಂಗೆ ಹೇಳಿದೆ.

"ಇಲಾಖೆ ಗ್ರೂಪಲ್ಲಿ ಫೋಟೋ ಇದೆ ಮಾರಾಯ್ರೆ, ಸುಮ್ನಿರಿ," ಎಂದು ಮೇಡಂ ಹೇಳಿದರೂ ಮರುದಿನ ಪ್ರಾರ್ಥನೆ ಮುಗಿಯುತ್ತಲೇ ನಾನು ಮೈಕು ಹಿಡಿದೆ.

"ಅವತ್ತು ನಾನು ಹೊಗಳಿದ್ದು ಇ-ಸಿಗರೇಟಿನ ವಾಸನೆ. ನನ್ನ ದಡ್ಡತನ ಅದು. ಎಳ್ದವ್ರು ಕೈ ಎತ್ತಿ. ಯಾರಿಗೂ ಟಿಸಿ ಕೊಡೂದಿಲ್ಲ."

ಮೊದಲು ಸಂಜಯನ ಕೈ ಎದ್ದಿತು. ಅವನ ಹಿಂದೆ ಇನ್ನೊಂದು, ಎಂಟನೇ ತರಗತಿಯ ಸಾಲಿನಲ್ಲಿ ಎರಡು, ಹೀಗೆ ಹನ್ನೆರಡು.

"ಟಿಸಿ ಪುಸ್ತಕದಲ್ಲಿ ಅಷ್ಟು ಹಾಳೆಯೂ ಇಲ್ಲ ಬಿಡಿ," ಎಂದು ಮೇಡಂ ಗೊಣಗಿದರು. ಒಳಗೆ ಹೋಗಿ ಸಂಜಯನ ಟಿಸಿಯ ಮೇಲೆ ಅಡ್ಡಗೆರೆ ಎಳೆದು 'ರದ್ದು' ಎಂದು ಬರೆದು ಬಂದರು.

ಸಂಜಯ ಇನ್ನೂ ಕೈ ಇಳಿಸಿರಲಿಲ್ಲ. "ಸರ್, ಬಿಡೂದು ಹೆಂಗೆ?"

ನನ್ನ ಹತ್ತಿರ ಹನ್ನೊಂದು ಸುತ್ತೋಲೆಗಳಿದ್ದವು. ಬೋರ್ಡು ಎಷ್ಟು ಅಗಲ ಇರಬೇಕು, ಗೆರೆಗೆ ಯಾವ ಬಣ್ಣ ಬಳಿಯಬೇಕು, ವರದಿ ಯಾವ ತಾರೀಖಿಗೆ ಕಳಿಸಬೇಕು, ಎಲ್ಲ ಬರೆದಿತ್ತು. ಇದಕ್ಕೆ ಮಾತ್ರ ಒಂದು ಸಾಲೂ ಇರಲಿಲ್ಲ.

"ನಂಗೂ ಗೊತ್ತಿಲ್ಲ ಮಾರಾಯ," ಎಂದು ಮೈಕಿನಲ್ಲೇ ಹೇಳಿ, ಎಲ್ಲರ ಎದುರಿಗೆ ನಿಂತು ತಾಲೂಕು ಆಸ್ಪತ್ರೆಗೆ ಫೋನು ಹಚ್ಚಿದೆ. ಆ ಕಡೆಯವರು ಎತ್ತುವವರೆಗೂ ಹನ್ನೆರಡು ಕೈಗಳು ಮೇಲೆಯೇ ಇದ್ದವು.